ಚೀಲದ ಮೇಲಿನ ಕಾಡು

ಚನ್ನಗಿರಿಯಿಂದ ಉಬ್ರಾಣಿ ಕಡೆ ಬರುವ ಬಸ್ಸು ಹತ್ತಿದವರು ಒಮ್ಮೆ ಜನರ ಮುಖ ಬಿಟ್ಟು ಕಾಲಬುಡ ನೋಡಬೇಕು. ಸೀಟಿನ ಕೆಳಗೆ, ನಡುದಾರಿಯಲ್ಲಿ, ಡ್ರೈವರನ ಪಕ್ಕದಲ್ಲಿ, ಎಲ್ಲೆಲ್ಲೂ ಚೀಲ. ಒಂದರ ಮೇಲೆ ಧುಮ್ಮಿಕ್ಕುವ ಜಲಪಾತ. ಒಂದರ ಮೇಲೆ ಹಿಮ ಹೊದ್ದ ಬೆಟ್ಟ, ಅದರ ಬುಡದಲ್ಲಿ ಕನ್ನಡಿಯಂಥ ಕೆರೆ. ಇನ್ನೊಂದರ ಮೇಲೆ ಕತ್ತು ಹೊರಳಿಸಿ ನಮ್ಮನ್ನೇ ನೋಡುವ ಜಿಂಕೆ. ಗಿಳಿ ಜೋಡಿ, ನವಿಲು, ಸೂರ್ಯಕಾಂತಿ. ಒಳಗೆ ಏನೈತೆ ಅಂದರೆ ನ್ಯಾಯಬೆಲೆ ಅಂಗಡಿಯ ಅಕ್ಕಿ, ಆಸ್ಪತ್ರೆ ಚೀಟಿ, ಅಡಿಕೆ ಸುಲಿಯುವ ಕತ್ತಿ, ಮೊಮ್ಮಗುವಿಗೆ ಒಯ್ಯುವ ಬ್ರೆಡ್ಡು, ತವರಿಗೆ ಹೊಂಟ ಹೆಣ್ಣುಮಗಳ ಎರಡು ಸೀರೆ. ಬಸ್ಸು ಗುಂಡಿಗೆ ಬಿದ್ದಾಗ ಜಲಪಾತದೊಳಗಿಂದ ಈರುಳ್ಳಿ ಉರುಳುತ್ತವೆ.

ಇದೂ ಬರೆಯುವ ವಿಷಯವೇ ಅಂತ ಗೆಳೆಯರು ನಗಬಹುದು. ನಗಲಿ. ಬಡವರ ಮನೆಗೆ ಬರುವ ಚಿತ್ರಗಳು ಬಹಳ ಇಲ್ಲ. ದೇವರ ಕ್ಯಾಲೆಂಡರು, ಅಂಬೇಡ್ಕರ್ ಪಟ, ಮದುವೆ ಫೋಟೊ, ಓಟಿನ ಕಾಲದಲ್ಲಿ ಕೈಮುಗಿಯುವ ಮುಖ, ಆಮೇಲೆ ಈ ಚೀಲ. ಮೊದಲ ನಾಲ್ಕರ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ದಿನಾ ಹೆಗಲಿಗೆ ಹಾಕಿಕೊಂಡು ತಿರುಗುವ ಚಿತ್ರವನ್ನು ಯಾರೂ ನೋಡಿದಂತಿಲ್ಲ.

ಈ ಚಿತ್ರ ಎಲ್ಲಿಯದು? ಚೀಲದ ಮೇಲೆ ಊರ ಹೆಸರಿಲ್ಲ, ಫೋಟೊ ಹಿಡಿದವನ ಹೆಸರಿಲ್ಲ. ಉಬ್ರಾಣಿಯದಂತೂ ಅಲ್ಲ. ಉಬ್ರಾಣಿಗೂ ಕಾಡೇನೂ ಕಮ್ಮಿ ಇಲ್ಲ. ಕುಕ್ಕವಾಡ–ಉಬ್ರಾಣಿ ಕಾಡು ಅಂತ ಸರ್ಕಾರದ ಕಾಗದದಲ್ಲೇ ಹೆಸರಿದೆ. ಆದರೆ ಅದು ಒಣ ಕಾಡು. ತೇಗ, ದಿಂಡಗ, ಮತ್ತಿ, ಬಿದಿರು. ಶಿವರಾತ್ರಿ ಹೊತ್ತಿಗೆ ಎಲೆ ಉದುರಿ ಗುಡ್ಡವೆಲ್ಲ ಮುದುಕಿಯ ತಲೆಯಂತೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಆಗ ಒಂದು ಎಲೆಯೂ ಇಲ್ಲದ ಕೊಂಬೆ ತುಂಬ ಮುತ್ತುಗದ ಹೂವು, ಕೆಂಡ ಚೆಲ್ಲಿದ ಹಾಗೆ. ಇಂಥ ಕಾಡು ಯಾವ ಚೀಲದ ಮೇಲೂ ಬಂದಿಲ್ಲ. ಚೀಲದ ಕಾಡು ಹನ್ನೆರಡು ತಿಂಗಳೂ ಹಸಿರು. ಅಲ್ಲಿ ಬೇಸಿಗೆ ಇಲ್ಲ, ಬೆಂಕಿ ಬೀಳುವುದಿಲ್ಲ, ಸೌದೆ ಹೊರೆ ಹೊತ್ತು ಇಳಿಯುವವರಿಲ್ಲ, ಗಾರ್ಡು ಇಲ್ಲ. ಎಷ್ಟು ನೀರು ಸುರಿದರೂ ಕೇಳುವವರಿಲ್ಲ. ನಮ್ಮ ಕಡೆ ಕೆರೆಗೆ ನೀರು ಬೇಕೆಂದರೆ ಭದ್ರಾ ನದಿಯಿಂದ ಪಂಪು ಇಟ್ಟು ಎತ್ತಬೇಕು. ಉಬ್ರಾಣಿ ಏತ ನೀರಾವರಿ ಅಂತ ಯೋಜನೆಯನ್ನೇ ಮಾಡಿದರು. ಹೀಗೆ ನೀರನ್ನು ಗುಡ್ಡ ಹತ್ತಿಸುವ ಊರಿನ ಹೆಂಗಸರು ನೀರು ಇಳಿಯುವ ಚಿತ್ರ ಹೊತ್ತು ನಡೆಯುತ್ತಾರೆ.

ಈ ಚೀಲ ತಯಾರಾಗುವ ಬಗೆಯನ್ನೂ ಒಂದಿಷ್ಟು ತಿಳಿಯಬೇಕು. ಪಾಲಿಪ್ರೊಪಿಲೀನ್ ಎನ್ನುವ ಪ್ಲಾಸ್ಟಿಕ್ಕನ್ನು ಪಟ್ಟಿ ಪಟ್ಟಿಯಾಗಿ ಎಳೆದು ಮಗ್ಗದಲ್ಲಿ ಗೋಣಿಯ ಹಾಗೆ ನೇಯುತ್ತಾರೆ. ಅದರ ಮೇಲೆ ನೇರವಾಗಿ ಫೋಟೊ ಕೂರುವುದಿಲ್ಲ, ಮೈ ಒರಟು. ಆದ್ದರಿಂದ ಕನ್ನಡಿಯಂಥ ತೆಳು ಹಾಳೆಯೊಂದರ ಮೇಲೆ ಚಿತ್ರವನ್ನು ತಿರುಗುಮುರುಗಾಗಿ ಅಚ್ಚು ಹಾಕಿ, ಶಾಯಿಯ ಮಗ್ಗುಲು ಒಳಗೆ ಬರುವಂತೆ ನೇಯ್ಗೆಗೆ ಅಂಟಿಸುತ್ತಾರೆ. ಚಿತ್ರ ಎರಡು ಪದರದ ನಡುವೆ ಸಿಕ್ಕಿಕೊಂಡಿರುತ್ತದೆ. ಎಷ್ಟು ತಿಕ್ಕಿದರೂ ಹೋಗದೆ ಇರುವುದು ಅದಕ್ಕೇ. ಅಚ್ಚಿಗೆ ಬೇಕಾದುದು ತಾಮ್ರ ಹೊದಿಸಿದ ಉಕ್ಕಿನ ಉರುಳೆ, ಬಣ್ಣಕ್ಕೊಂದು. ಉರುಳೆ ಕೊರೆಸುವುದು ದುಬಾರಿ. ಕೊರೆಸಿದ ಮೇಲೆ ಲಕ್ಷಗಟ್ಟಲೆ ಚೀಲ ಹೊಡೆದರೇನೇ ಗಿಟ್ಟುವುದು. ಹಾಗಾಗಿ ಬಳ್ಳಾರಿಯ ಗಣಿಧೂಳಿನಲ್ಲೂ ಅದೇ ಜಲಪಾತ, ಹೊನ್ನಾಳಿಯ ಭತ್ತದ ಗದ್ದೆಯ ಬದುವಿನ ಮೇಲೂ ಅದೇ ಜಲಪಾತ.

ತಿಕ್ಕಿದರೆ ಹೋಗದ್ದು ಬಿಸಿಲಿಗೆ ಹೋಗುತ್ತದೆ. ಮೊದಲು ಕೆಂಪು, ಹಳದಿ ಸಾಯುತ್ತವೆ. ನೀಲಿ ಉಳಿಯುತ್ತದೆ. ಒಂದು ಬೇಸಿಗೆ ಹಿತ್ತಲಲ್ಲಿ ನೇತುಹಾಕಿದ ಚೀಲದಲ್ಲಿ ನೀಲಿ ಮರ, ನೀಲಿ ಜಿಂಕೆ, ನೀಲಿ ಹುಲ್ಲು. ಎರಡನೇ ಬೇಸಿಗೆಗೆ ನೇಯ್ಗೆಯೇ ಒಡೆದು ಪುಡಿಪುಡಿ ಉದುರುತ್ತದೆ. ಕೆರೆ ಏರಿಯ ಮೇಲೆ, ಎಮ್ಮೆ ಮೇಯುವ ಕಡೆ, ಆ ನೀಲಿ ಚೂರು ಹುಲ್ಲಿನೊಳಗೆ ಸೇರಿಕೊಂಡಿರುವುದನ್ನು ನಮ್ಮ ಶಾಲೆಯ ಮಕ್ಕಳು ಆರಿಸಿ ತಂದು ತೋರಿಸಿದ್ದಾರೆ. ಒಂದು ಚೂರಿನಲ್ಲಿ ಜಿಂಕೆಯ ಕಣ್ಣು ಪೂರಾ ಇತ್ತು.

ಹಿಂದೆ ನಮ್ಮ ಕೇರಿಯಲ್ಲಿ ಚೀಲ ಅಂದರೆ ಏನಿತ್ತು? ಬಹಳ ಸಾಮಾನಿಗೆ ಚೀಲವೇ ಬೇಕಿರಲಿಲ್ಲ. ಖಂಡದ ಪಾಲು ಮುತ್ತುಗದ ಎಲೆಯಲ್ಲಿ ಬರುತ್ತಿತ್ತು. ತೇಗದ ಎಲೆ ಸಿಕ್ಕರೆ ಅದರಲ್ಲಿ. ಅವ್ವನ ಅಂಗೈಗೆ ತೇಗದೆಲೆಯ ಕೆಂಪು ಹತ್ತಿ ಎರಡು ದಿನ ಹೋಗುತ್ತಿರಲಿಲ್ಲ. ತೋಟದ ಕೆಲಸಕ್ಕೆ ಹೋದವರು ಅಡಿಕೆ ಹಾಳೆ ಮಡಿಚಿ ಅದರಲ್ಲೇ ಬುತ್ತಿ ತರುತ್ತಿದ್ದರು. ಇದನ್ನು ಹೇಳುವಾಗ ನನಗೆ ಹಳೆ ಕಾಲ ಚೆನ್ನಾಗಿತ್ತು ಎನ್ನುವ ರೋಗ ಬಂದಿದೆ ಅಂತ ತಿಳಿಯಬೇಡಿ. ಎಲೆಯಲ್ಲಿ ಕಟ್ಟಿದ್ದು ಪ್ರಕೃತಿಪ್ರೇಮದಿಂದ ಅಲ್ಲ, ಪಾತ್ರೆ ಇರಲಿಲ್ಲ. ನಮಗೆ ಮೇಲಿನಿಂದ ಎತ್ತಿ ಹಾಕುವುದಕ್ಕೆ ಎಲೆ ಅನುಕೂಲವಾಗಿತ್ತು. ಮುಟ್ಟುವ ಹಾಗಿಲ್ಲ, ತೊಳೆದು ವಾಪಸ್ ಕೊಡುವ ಹಾಗಿಲ್ಲ. ಇವತ್ತು ಹೋಟೆಲಿನಲ್ಲಿ ಕಾಗದದ ಲೋಟ ಬಂದು ಬೇರೆ ಲೋಟ ಇಡುವ ಪೀಡೆ ತಪ್ಪಿತು ಎನ್ನುವವರು ಇದ್ದಾರೆ. ಕುಡಿದು ಬಿಸಾಕುವ ಲೋಟದಲ್ಲಿ ಜಾತಿ ತೊಳೆಯುವ ಪ್ರಶ್ನೆಯೇ ಬರದೆ ಹೋಯಿತಷ್ಟೆ.

ಆದರೆ ಒಂದು ಚೀಲವನ್ನು ಮಾತ್ರ ನಮ್ಮವರೇ ಮಾಡುತ್ತಿದ್ದರು. ಕಪಿಲೆಗೆ ಕಟ್ಟುವ ದೊಡ್ಡ ತೊಗಲ ಚೀಲ. ಪಂಪು ಬರುವ ಮುಂಚೆ ಊರ ಬಾವಿಗಳಿಂದ ಎತ್ತು ಹೂಡಿ ನೀರೆತ್ತಿದ್ದೆಲ್ಲ ಅದರಿಂದಲೇ. ಸತ್ತ ದನದ ಚರ್ಮ ಸುಲಿದು, ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೂದಲು ಹೆರೆದು, ಆಮೇಲೆ ತಂಗಡಿ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ಇಡಬೇಕು. ಆ ತೊಗಟೆಗೆ ಗುಡ್ಡಕ್ಕೇ ಹೋಗಬೇಕು. ತಂಗಡಿ ತೊಗಟೆಯ ಒಗರಿಲ್ಲದಿದ್ದರೆ ತೊಗಲು ಹದ ಆಗುವುದಿಲ್ಲ, ಕೊಳೆಯುತ್ತದೆ. ಕಾಡಿನ ಒಗರು ಆ ಚೀಲದ ಮೈಯೊಳಗೇ ಇಳಿದಿರುತ್ತಿತ್ತು. ನಮ್ಮಜ್ಜ ಹೊಲಿದ ಚೀಲ ದಿನಕ್ಕೆ ನೂರು ಸಲ ಊರ ಬಾವಿಗೆ ಇಳಿಯುತ್ತಿತ್ತು, ನಮ್ಮಜ್ಜ ಅದೇ ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಸತ್ತ ಎಮ್ಮೆಯ ಚರ್ಮಕ್ಕೆ ಇರದ ಮೈಲಿಗೆ ಬದುಕಿದ್ದ ಮನುಷ್ಯನಿಗೆ ಇತ್ತು. ಈ ಮಾತನ್ನು ನಮ್ಮ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬಂದದ್ದು ಯೂರಿಯಾ ಚೀಲ. 1983–84ರ ಸುಮಾರು ನಾನು ಮಾಧ್ಯಮಿಕ ಶಾಲೆಗೆ ಹೋಗುವಾಗ ಅವ್ವ ಗೌಡರ ಮನೆಯಿಂದ ಖಾಲಿ ಗೊಬ್ಬರದ ಚೀಲ ಬೇಡಿ ತಂದು, ಮೂರು ಸಲ ತೊಳೆದು, ಕತ್ತರಿಸಿ ಪುಸ್ತಕದ ಚೀಲ ಹೊಲಿದಳು. ಬರಹ ಹೊರಗಡೆಗೇ ಬಂತು. ನನ್ನ ಬೆನ್ನ ಮೇಲೆ ‘46% ನೈಟ್ರೋಜನ್’. ಒಬ್ಬ ಮೇಷ್ಟರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಬಾರೋ ನಲವತ್ತಾರು” ಅನ್ನುವರು. ಹುಡುಗರು ನಗುವರು. ಮಳೆ ಬಂದರೆ ಅದೇ ಚೀಲದ ಇನ್ನರ್ಧ ತಲೆಗೆ ಕೊಪ್ಪೆ. ನಮ್ಮ ಚಳವಳಿಯ ಅಣ್ಣಂದಿರ ಹೆಗಲಿನಲ್ಲಿ ಆಗ ಖಾದಿಯದೋ ಕೈಮಗ್ಗದ್ದೋ ಉದ್ದ ಚೀಲ ಇರುತ್ತಿತ್ತು, ಮೇಲೆ ಏನೂ ಬರೆದಿರುತ್ತಿರಲಿಲ್ಲ. ಏನೂ ಬರೆಯದ ಚೀಲ ಹಾಕಿಕೊಳ್ಳಬೇಕು ಅನ್ನುವುದು ನನ್ನ ದೊಡ್ಡ ಆಸೆಯಾಗಿತ್ತು.

ಹಾಗೆ ನೋಡಿದರೆ ಜಿಂಕೆಯ ಚೀಲ ಬಂದದ್ದು ನಮ್ಮ ಹೆಂಗಸರಿಗೆ ಒಂದು ಮಾನ ತಂದಂತೆಯೇ. ದುಡ್ಡು ಕೊಟ್ಟು ಕೊಂಡದ್ದು, ಬೇಡಿ ತಂದದ್ದಲ್ಲ. ಬಣ್ಣ ಇದೆ. ಜಿಪ್ಪು ಇದೆ. “ನೋಡೋ, ಎಷ್ಟ್ ಚೆಂದ ಐತೆ, ಅದ್ರಾಗೆ ನೀರು ಬೀಳೋದ್ ನೋಡು” ಅಂತ ನಮ್ಮ ಚಿಕ್ಕವ್ವ ತಾನು ಕೊಂಡ ಚೀಲವನ್ನು ಕೇರಿಗೆಲ್ಲ ತೋರಿಸಿದ್ದಳು. ಚೆಂದ ನೋಡುವ ಆಸೆ ಬಡವರಿಗೆ ಇರಬಾರದೇನು? ನನ್ನ ಜಗಳ ಚೆಂದದ ಮೇಲಲ್ಲ. ಆ ಚೆಂದದೊಳಗಿಂದ ಯಾರನ್ನು ಹೊರಗೆ ಹಾಕಿದ್ದಾರೆ ಅನ್ನುವುದರ ಮೇಲೆ.

ಪ್ರಕೃತಿ ಛಾಯಾಚಿತ್ರಕ್ಕೆ ಒಂದು ಕಟ್ಟಳೆ ಇದೆ, ಅದು ಲೋಕದ ಕಟ್ಟಳೆ. ಫೋಟೊ ಸ್ಪರ್ಧೆ ನಡೆಸುವ ಮೂರು ದೊಡ್ಡ ಸಂಘಗಳು, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಒಂದು, ಬ್ರಿಟನ್ನಿನ ಒಂದು, 2014ರಲ್ಲಿ ಸೇರಿ ಒಪ್ಪಿಕೊಂಡ ವ್ಯಾಖ್ಯೆ. ಅದರ ಪ್ರಕಾರ ಚಿತ್ರದಲ್ಲಿ ಮನುಷ್ಯನ ಕುರುಹು ಇರಕೂಡದು. ಗೂಬೆಯೋ ಕೊಕ್ಕರೆಯೋ ಮನುಷ್ಯರ ಕಟ್ಟಡದಲ್ಲಿ ಗೂಡು ಮಾಡಿದ್ದರೆ ಮಾತ್ರ ಆ ಕಟ್ಟಡಕ್ಕೆ ಮಾಫಿ. ಸಾಕಿದ ಪ್ರಾಣಿ ಬರಕೂಡದು, ಬೆಳೆದ ಬೆಳೆ ಬರಕೂಡದು. ಅಂದರೆ ನಮ್ಮ ಎಮ್ಮೆ ಪ್ರಕೃತಿ ಅಲ್ಲ. ರಾಗಿ ಹೊಲ ಪ್ರಕೃತಿ ಅಲ್ಲ. ತಂಗಡಿ ತೊಗಟೆ ಸುಲಿಯುವವಳು ಚೌಕಟ್ಟಿನೊಳಗೆ ಕಾಲಿಟ್ಟರೆ ಚಿತ್ರ ಅನರ್ಹ. ಸ್ಪರ್ಧೆಗೆ ಒಂದು ನಿಯಮ ಬೇಕು, ಇರಲಿ. ಆದರೆ ಇದೇ ಕಣ್ಣು ಸ್ಪರ್ಧೆಯಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ಚೀಲಕ್ಕೆ ಇಳಿದು ಬಂದಿದೆ. ಚೀಲದ ಚಿತ್ರಗಳಲ್ಲಿ ನಾನು ಇದುವರೆಗೆ ಒಬ್ಬ ಮನುಷ್ಯನನ್ನೂ ಕಂಡಿಲ್ಲ.

ನಮ್ಮ ನಾಡಿನಲ್ಲಿ ಕ್ಯಾಮೆರಾ ಹಿಡಿದು ಕಾಡಿಗೆ ಹೋದವರು ಯಾರು ಅಂತ ನೋಡಿದರೂ ಕತೆ ತಿಳಿಯುತ್ತದೆ. ಬಂಡೀಪುರ ಮೈಸೂರು ಅರಸರು ಬೇಟೆಯಾಡುತ್ತಿದ್ದ ಕಾಡು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕರ್ನಾಟಕದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರಾದ ಎಂ. ವೈ. ಘೋರ್ಪಡೆ ಸಂಡೂರಿನ ರಾಜಮನೆತನದವರು, ಗಣಿ ಕಂಪನಿಯ ಮನೆಯವರು, 1970ರ ದಶಕದಲ್ಲಿ ರಾಜ್ಯದ ಹಣಕಾಸು ಮಂತ್ರಿಗಳೂ ಆಗಿದ್ದವರು. ಅವರ ಆನೆಯ ಚಿತ್ರಗಳು ಚೆನ್ನಾಗಿಲ್ಲ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಬಿಸಿಲು ನೆರಳು ಗೊತ್ತಿದ್ದ ಮನುಷ್ಯ. ಆದರೆ ಉದ್ದ ಲೆನ್ಸು, ಜೀಪು, ಕಾಯುವುದಕ್ಕೆ ಬಿಡುವು, ಇವು ಮೂರೂ ಇದ್ದವರ ಕಣ್ಣಿಗೆ ಕಾಡು ಒಂದು ರೀತಿ ಕಾಣುತ್ತದೆ. ಕೂಲಿ ಬಿಟ್ಟು ಸೌದೆಗೆ ಹೋದವಳ ಕಣ್ಣಿಗೆ ಇನ್ನೊಂದು ರೀತಿ. ಅವಳ ಕೈಗೆ ಕ್ಯಾಮೆರಾ ಬಂದದ್ದು ಮೊನ್ನೆ ಮೊನ್ನೆ, ಮೊಬೈಲು ಬಂದ ಮೇಲೆ.

ಪ್ಲಾಸ್ಟಿಕ್ ನಿಷೇಧದ ಮಾತನ್ನು ಇಲ್ಲಿ ಎತ್ತದೆ ಇರಲಾಗದು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನು ನಿಲ್ಲಿಸಿತು. ಆಮೇಲೆ ಅಂಗಡಿಗಳಲ್ಲಿ ಬಟ್ಟೆಯ ಹಾಗೆ ಕಾಣುವ ಚೀಲ ಹೆಚ್ಚಾದವು. ಅದನ್ನು ಬಟ್ಟೆ ಅಂತ ನಂಬಿದವರು ಒಂದು ದಾರ ಕಿತ್ತು ಬೆಂಕಿಗೆ ಹಿಡಿದು ನೋಡಲಿ, ಬೂದಿ ಆಗದೆ ಕರಗಿ ಉಂಡೆಯಾಗುತ್ತದೆ. ಅದೂ ಪಾಲಿಪ್ರೊಪಿಲೀನೇ. ಅದರ ಮೇಲೆ ಒಂದು ಹಸಿರು ಎಲೆ, ಕೆಳಗೆ ಪರಿಸರ ಉಳಿಸಿ ಎನ್ನುವ ಬುದ್ಧಿಮಾತು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯಲ್ಲಿ ಸೀರೆ ಕೊಂಡರೂ ಇಂಥದೇ ಚೀಲ. ಬೆಳಗಿನ ಜಾವ ಅದನ್ನು ಚರಂಡಿಯಿಂದ ಬರಿಗೈಯಲ್ಲಿ ಎತ್ತುವವರು ಯಾವ ಕೇರಿಯಿಂದ ಬಂದವರು ಅಂತ ಪುರಸಭೆಯ ಹಾಜರಿ ಪುಸ್ತಕ ಹೇಳುತ್ತದೆ.

ಇನ್ನು ಆನೆ. ಚೀಲದ ಮೇಲೆ ಆನೆ ಬಹಳ ಸಾಧು. ಮರಿಯ ಬೆನ್ನ ಮೇಲೆ ಸೊಂಡಿಲಿಟ್ಟು ನಿಂತಿರುತ್ತದೆ. 2023ರ ಏಪ್ರಿಲ್‌ನಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿಗೆ ಬಂದ ಕಾಡಾನೆ ಒಂದು ಹುಡುಗಿಯನ್ನು ಕೊಂದಿತು. ಸಕ್ರೆಬೈಲಿನ ಪಳಗಿದ ಆನೆಗಳನ್ನು ತಂದು ಅದನ್ನು ಹಿಡಿಯಬೇಕಾಯಿತು. ಹಿಡಿಯಲು ಹೋದ ಪಶುವೈದ್ಯರೂ ಏಟು ತಿಂದು ಆಸ್ಪತ್ರೆ ಸೇರಿದರು. ಆ ವಾರ ಹೊಲಕ್ಕೆ ಹೋಗಲು ಹೆದರಿ ಕೂಲಿ ಕಳಕೊಂಡವರ ಲೆಕ್ಕ ಯಾರೂ ಇಟ್ಟಿಲ್ಲ. ಆನೆಯನ್ನು ನಾನು ಬೈಯುವುದಿಲ್ಲ, ಅದರ ದಾರಿ ಮುಚ್ಚಿದವರು ಮೆಕ್ಕೆಜೋಳದ ಕೂಲಿಯವರೂ ಅಲ್ಲ. ಆದರೆ ಕಾಡಂಚಿನಲ್ಲಿ ರಾತ್ರಿ ಕಾವಲು ಕೂತವನ ತಲೆಯಡಿ ದಿಂಬಾಗಿ ಇದ್ದ ಚೀಲದ ಮೇಲೂ ಒಂದು ಆನೆ ಇತ್ತು.

ಚಿಕ್ಕವ್ವನ ಚೀಲದ ವಿಷಯಕ್ಕೆ ಬರುತ್ತೇನೆ. ಈ ಬರಹಕ್ಕೆ ಕಾರಣ ಅದೇ.

ಚೆಂದ ಐತೆ ಅಂತ ಕೊಂಡ ಆ ಜಲಪಾತದ ಚೀಲದಲ್ಲಿ ಈಗ ಆಕೆ ಸಾಮಾನು ಒಯ್ಯುವುದಿಲ್ಲ. ಅದರಲ್ಲಿ ಕಾಗದ ಇದೆ. ಕಾಡಂಚಿನಲ್ಲಿ ಎರಡು ಎಕರೆ ತುಂಡು ಅವರ ಮಾವನ ಕಾಲದಿಂದ ಉಳುತ್ತಾ ಬಂದದ್ದು. ಅದು ಅರಣ್ಯದ ಗೆರೆಯೊಳಗೆ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದಾಳೆ. ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಿಗೆ ಒಂದು ನಿಯಮ, ಮಿಕ್ಕವರಿಗೆ ಇನ್ನೊಂದು. ಮಿಕ್ಕವರು, ಅಂದರೆ ನಮ್ಮಂಥ ಹೊಲೆ–ಮಾದಿಗರೂ ಸೇರಿ, 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದರಂತೆ ಎಪ್ಪತ್ತೈದು ವರ್ಷ, ಕಾಡನ್ನು ನಂಬಿ ಅಲ್ಲೇ ಬದುಕಿದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿ. 1930ಕ್ಕೆ ಹೋಗಬೇಕು.

ಹೋಗುವುದು ಎಲ್ಲಿಗೆ? ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಹಳೆ ಕಾಗದ ಒಂದು ಊರಲ್ಲಿ, ಹೊಸ ಕಾಗದ ಇನ್ನೊಂದು ಊರಲ್ಲಿ, ಅರಣ್ಯ ಇಲಾಖೆಯ ವಿಭಾಗ ಭದ್ರಾವತಿಯಲ್ಲಿ. ಚಿಕ್ಕವ್ವ ಮೂರೂ ಕಡೆ ಜಲಪಾತ ಹೊತ್ತು ತಿರುಗಿದ್ದಾಳೆ. ಒಂದು ಕಚೇರಿಯಲ್ಲಿ ಮೇಜಿನ ಹಿಂದೆ ಕೂತವರು ಕೇಳಿದರಂತೆ: “ಏನಮ್ಮಾ, ನಿಮ್ಮೋರು ಆಗ ಕಾಡಲ್ಲಿದ್ರು ಅನ್ನೋಕೆ ಒಂದು ಫೋಟೊನಾದ್ರೂ ಐತಾ?”

ಚಿಕ್ಕವ್ವ ಚೀಲ ಎತ್ತಿ ಮೇಜಿನ ಮೇಲೆ ಇಟ್ಟಳಂತೆ. “ಕಾಡಿನ ಫೋಟೊ ನಮ್ಮನ್ಯಾಗೆ ಇದೊಂದೇ ಸ್ವಾಮಿ. ನೀವೇ ನೋಡ್ರಿ, ಇದ್ರಾಗೆ ಯಾರದಾರೆ ಅಂತ.”

ಆಕೆ ಕುಹಕಕ್ಕೆ ಹೇಳಿದಳೋ, ಮುಗ್ಧವಾಗಿ ಹೇಳಿದಳೋ ನಾನು ಕೇಳಲಿಲ್ಲ. ಕಚೇರಿಯವರು ನಕ್ಕರಂತೆ.

1930ರ ಕಾಡಿನ ಫೋಟೊಗಳು ಇಲ್ಲ ಅಂತಲ್ಲ. ಇವೆ. ಅರಮನೆಗಳ ಗೋಡೆಯ ಮೇಲಿವೆ, ದೊರೆಗಳ ಆಲ್ಬಮ್ಮಿನಲ್ಲಿವೆ. ಸತ್ತ ಹುಲಿಯ ಪಕ್ಕ ಬಂದೂಕು ಹಿಡಿದು ನಿಂತ ದೊರೆ, ಅವನ ಹೆಸರು, ಹುಲಿಯ ಅಳತೆ. ಹಿಂದೆ ಮರದ ನೆರಳಿನಲ್ಲಿ ಬರಿಗಾಲಿನ ಕೆಲವರು, ತಮಟೆ ಬಡಿದು ಹುಲಿ ಎಬ್ಬಿಸಿದವರು. ಹುಲಿಯ ಅಳತೆ ಬರೆದವರು ಅವರ ಹೆಸರು ಬರೆಯಲಿಲ್ಲ. ಆಮೇಲಿನ ಕಾಲದವರು ಅವರನ್ನು ಚೌಕಟ್ಟಿನಿಂದಲೇ ತೆಗೆದರು. ಈಗ ಅವರ ಮೊಮ್ಮಕ್ಕಳನ್ನು ಫೋಟೊ ಕೇಳುತ್ತಾರೆ.

ಫೋಟೊ ಇಲ್ಲದಿದ್ದರೂ ಕಾಯ್ದೆ ಬಾಗಿಲು ಮುಚ್ಚಿಲ್ಲ ಅನ್ನುವುದನ್ನು ಗೆಳೆಯರು ತಿಳಿದಿರಬೇಕು. ನಿಯಮ 13ರಲ್ಲಿ ಸಾಕ್ಷ್ಯ ಅಂತ ಏನೇನು ಒಪ್ಪಬೇಕು ಅಂತ ಬರೆದಿದೆ. ಗೆಜೆಟಿಯರು, ನಕಾಶೆ ಮಾತ್ರ ಅಲ್ಲ. ಹಾಕಿದ ಬದು, ಮಟ್ಟ ಮಾಡಿದ ನೆಲ, ಗುಡಿಸಲ ಕುರುಹು, ಹೂತ ಜಾಗ, ಆಮೇಲೆ ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರಹಕ್ಕೆ ಇಳಿಸಿದ್ದು. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು. ಇಂಥದೇ ಕಾಗದ ತಂದುಕೊಡು ಅಂತ ಕಚೇರಿ ಹಟ ಹಿಡಿಯುವ ಹಾಗಿಲ್ಲ ಅಂತ 2012ರ ತಿದ್ದುಪಡಿಯಲ್ಲಿ ಸ್ಪಷ್ಟ ಮಾಡಿದ್ದಾರೆ. ಇದನ್ನು ಓದಿ ಹೇಳಿದಾಗ ಚಿಕ್ಕವ್ವ, “ಹಂಗಾರೆ ಮುದುಕಪ್ಪ ಸಾಯೋದ್ರೊಳಗೆ ಬರಕ ನಡಿ” ಅಂದಳು.

ಮುದುಕಪ್ಪ ಅಂದರೆ ಕೇರಿಯ ಹಿರೀಕ. ಕಣ್ಣು ಸರಿಯಾಗಿ ಕಾಣುವುದಿಲ್ಲ, ನೆನಪು ಮಾತ್ರ ತೊಗಲ ಮಿಣಿಯಂತೆ ಗಟ್ಟಿ. ಒಂದು ಭಾನುವಾರ ಅವರನ್ನು ಬೈಕಿನ ಮೇಲೆ ಕೂರಿಸಿಕೊಂಡು ಗುಡ್ಡದ ಬುಡಕ್ಕೆ ಹೋದೆವು. ಮುತ್ತುಗದ ಹೂವು ಮುಗಿಯುತ್ತಾ ಬಂದಿತ್ತು. ಕಾಲಿನಿಂದಲೇ ನೆಲ ತಡವಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಇದು ತೊಗಲು ನೆನೆಹಾಕುತ್ತಿದ್ದ ಗುಂಡಿ, ಕಲ್ಲು ತೆಗೆದು ನೋಡು ಸುಣ್ಣ ಇನ್ನೂ ಐತೆ. ಇತ್ತ ಬಾ, ಇದು ನಮ್ಮಪ್ಪ, ಇವಳ ಮಾವನ ಅಪ್ಪ, ಇಬ್ಬರೂ ಸೇರಿ ಹಾಕಿದ ಬದು. ಆ ತಂಗಡಿ ಗಿಡದ ಮೆಳೆ ಐತಲ್ಲ, ಅಲ್ಲಿಂದ ತೊಗಟೆ. ಇದರ ಕೆಳಗೆ ಪ್ಲೇಗು ಬಂದಾಗ ಹೋದ ಎರಡು ಕೂಸು. ಇಲ್ಲಿ ಕಾಲಿಡಬ್ಯಾಡ, ಸುತ್ತಿ ಬಾ. ನಾನು ಮೊಬೈಲಿನಲ್ಲಿ ಗುಂಡಿಯ ಫೋಟೊ ಹಿಡಿಯುವಾಗ ಮುದುಕಪ್ಪ ಪಕ್ಕಕ್ಕೆ ಸರಿಯಲು ಹೋದರು. ಅಲ್ಲೇ ನಿಲ್ರಿ ಅಂದೆ.

ನಾಲ್ಕು ಪುಟ ಆಯಿತು. ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು. ಹೆಬ್ಬೆಟ್ಟು ಒತ್ತಿದರು. ಚಿಕ್ಕವ್ವ ಶಾಯಿ ಆರುವವರೆಗೂ ಸೆರಗಿನಿಂದ ಗಾಳಿ ಹಾಕಿ, ಹಾಳೆಗಳನ್ನು ಎರಡಾಗಿ ಮಡಿಚಿ, ಚೀಲದ ಜಿಪ್ಪು ತೆಗೆದು ಒಳಗಿಟ್ಟಳು.